ಡ್ರೈವ್ ತುಂಬಿಸಿ ನೋಡುವ ಪಂಚಶೀಲಾ

ವನದುರ್ಗದ ಕೋಟೆ ಗೋಡೆಗೆ ಇನ್ನೂ ಬಿಸಿಲು ತಾಕಿಲ್ಲ. ಚಂದ್ರಕಲಾ ಅವರ ಆನ್‌ಲೈನ್ ಸೆಂಟರಿನ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ನೆಲದ ಮೇಲೆ ಚಾಪೆ ಹಾಸಿಕೊಂಡು, ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿಟ್ಟು ಪಂಚಶೀಲಾ ಕೂತಿದ್ದಾರೆ. ಶಹಾಪುರದಿಂದ ಮೊದಲ ಬಸ್ಸಿಗೆ ಬಂದವರು. ಪಹಣಿ, ಆಧಾರ್, ಬೆಳೆವಿಮೆ ಎಂದು ಜನ ಬಂದು ನಿಲ್ಲುವ ಮುಂಚೆಯೇ ಹಳೆಯ ಹಾರ್ಡ್ ಡಿಸ್ಕಿನಲ್ಲಿರುವುದೆಲ್ಲ ನಿನ್ನೆಯೇ ತುಂಬಿಸಿ ಪರೀಕ್ಷಿಸಿ ತಂದ ಹೊಸ ಎಸ್‌ಎಸ್‌ಡಿಗೆ, ಅಂದರೆ ತಿರುಗುವ ತಟ್ಟೆಯಿಲ್ಲದ ವೇಗದ ಡ್ರೈವಿಗೆ, ಇಳಿಯಬೇಕು.

"ನಮ್ಮ ಮೈದುನ ಎನ್‌ವಿಎಂಇನೇ ಹಾಕ್ಸು ಅಂದಾನ. ಅದು ಭಾಳ ಜೋರ್ ಅದ ಅಂತ," ಎನ್ನುತ್ತ ಚಂದ್ರಕಲಾ ಚಹಾ ತಂದಿಡುತ್ತಾರೆ.

"ಜೋರ್ ಅದ ಅಕ್ಕಾ, ಸುಳ್ಳಲ್ಲ. ಆದ್ರ ನಿಮ್ಮ ಈ ಹಳೇ ಬೋರ್ಡಿನಾಗ ಅದು ಕೂಡೋ ಜಾಗನೇ ಇಲ್ಲ. ಸಾಟಾ ಸಾಕು. ಉಳಿದ ರೊಕ್ಕದಾಗ ರ‍್ಯಾಮ್ ಹಾಕಿಸ್ಕೋರಿ."

ಲೆಕ್ಕವನ್ನು ಪಂಚಶೀಲಾ ಎಲ್ಲರಿಗೂ ಹೀಗೆಯೇ ಬಿಡಿಸಿ ಹೇಳುತ್ತಾರೆ. ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ಎಂಬಿ ಓದಿದರೆ ಹೆಚ್ಚು. ಎಸ್‌ಎಸ್‌ಡಿಯಲ್ಲಿ ಎರಡು ಬಗೆ: ಸಾಟಾ ಐನೂರರ ಆಸುಪಾಸು ಓದುತ್ತದೆ. ಎನ್‌ವಿಎಂಇ ಮೂರು ಸಾವಿರ ದಾಟುತ್ತದೆ, ಹೊಸ ತಲೆಮಾರಿನದು ಏಳು ಸಾವಿರದವರೆಗೂ ಹೋಗುತ್ತದೆ. "ಹೊಸ ಲ್ಯಾಪ್‌ಟಾಪ್ ಇದ್ರ ಎನ್‌ವಿಎಂಇನೇ ತಗೋರಿ ಅಂತೀನಿ. ದರದಾಗ ಭಾಳ ಫರಕ್ ಇಲ್ಲ. ಆದ್ರ ಅರ್ಜಿ ತುಂಬೋ ಕೆಲಸಕ್ಕ ಏಳು ಸಾವಿರದ್ದು ಯಾಕ ಬೇಕ್ರಿ?"

ನಕಲು ಮುಗಿದು, ಹೊಸ ಡ್ರೈವ್ ಕೂಡಿಸಿ ಗುಂಡಿ ಒತ್ತಿದರೆ ಕೂಡಲೇ ಪರದೆ ಬೆಳಗುತ್ತದೆ. ಚಂದ್ರಕಲಾ ಬಾಗಿ ನೋಡುತ್ತಾರೆ. "ಮೊದಲ ಇದನ್ನ ಚಾಲೂ ಮಾಡಿ ಅಂಗಳದ ಕಸ ಹೊಡದು ಬರ್ತಿದ್ದೆ. ಈಗ ಪೊರಕಿ ಹಿಡಿಯೂತನಾನೂ ತಡೀಲಿಲ್ಲ ನೋಡು."

ಪಂಚಶೀಲಾಗೆ ಮೂವತ್ತನಾಲ್ಕು ವರ್ಷ. ಊರು ಗೋಗಿ. ತಾಯಿ ಕರೆಮ್ಮ ಹತ್ತಿ ಬಿಡಿಸಲು ಹೋಗಿ ದುಡಿದು ಮಗಳಿಗೆ ಡಿಪ್ಲೊಮಾ ಓದಿಸಿದರು. ಓದು ಮುಗಿದ ಮೇಲೆ ಯಾದಗಿರಿಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಕೌಂಟರಿನಲ್ಲಿ ನಿಂತು ಮಾಲು ತೋರಿಸುವುದು, ಬಿಲ್ ಬರೆಯುವುದು. ರಿಪೇರಿ ಕೋಣೆಗೆ ಅವರನ್ನು ಬಿಡುತ್ತಿರಲಿಲ್ಲ. ಊಟದ ಹೊತ್ತಿಗೆ ಅಲ್ಲಿ ಯಾರೂ ಇಲ್ಲದಾಗ ಹೋಗಿ ಕೆಟ್ಟ ಡ್ರೈವ್‌ಗಳನ್ನು ಬಿಚ್ಚಿ ನೋಡಿ ಕಲಿತರು.

ಒಂದು ದಿನ ಅಬ್ಬೆತುಮಕೂರಿನ ಮೇಷ್ಟ್ರು ಲಕ್ಷ್ಮಿಕಾಂತ ಹಳೆಯ ಲ್ಯಾಪ್‌ಟಾಪ್ ಹಿಡಿದು ಬಂದರು. ಮಾಲೀಕರು ದುಬಾರಿ ಎನ್‌ವಿಎಂಇ ಒಂದನ್ನು ಕವರಿಗೆ ಹಾಕಿ ಕೊಟ್ಟರು. ಸಾಟಾ, ಎನ್‌ವಿಎಂಇ ಎರಡೂ ಲ್ಯಾಪ್‌ಟಾಪಿಗೆ ತೆಳು ಪಟ್ಟಿಯ ಆಕಾರದಲ್ಲಿ ಬರುತ್ತವೆ, ನೋಡಲು ಹೆಚ್ಚುಕಡಿಮೆ ಒಂದೇ, ಆದರೆ ಆ ಲ್ಯಾಪ್‌ಟಾಪ್ ಸಾಟಾ ಬಗೆಯದನ್ನಷ್ಟೇ ಗುರುತಿಸುವಂಥದು. ಪಂಚಶೀಲಾ ಸುಮ್ಮನಿರಲಿಲ್ಲ. "ಸರ್, ಇದು ನಿಮ್ಮದಕ್ಕ ಹತ್ತಂಗಿಲ್ರಿ," ಅಂದರು. ಮೇಷ್ಟ್ರು ರೊಕ್ಕ ವಾಪಸ್ ತೆಗೆದುಕೊಂಡು ಹೋದರು. ಸಂಜೆ ಮಾಲೀಕರು ಕರೆದು, "ನಿನಗ ಇಲ್ಲಿ ಮಾರಾಕ ಇಟ್ಟೀನಿ, ಗಿರಾಕಿ ಕಳಿಸಾಕ ಅಲ್ಲ. ನಾಳಿಂದ ಬರಬ್ಯಾಡ," ಎಂದರು.

"ಬಸ್ಸಿನಾಗ ಅತ್ತೀನ್ರಿ," ಎನ್ನುತ್ತಾರೆ ಪಂಚಶೀಲಾ. "ಮನಿಗೆ ಬಂದ ಮ್ಯಾಲ ಅವ್ವ ಒಂದೇ ಮಾತು ಕೇಳಿದ್ಲು. ನೀ ಹೇಳಿದ್ದು ಖರೇನೋ ಸುಳ್ಳೋ ಅಂತ. ಖರೆ ಅಂದೆ. ಹಂಗಾದ್ರ ಉಣ್ಣು ಬಾ ಅಂದ್ಲು."

ವಾರದೊಳಗೆ ಲಕ್ಷ್ಮಿಕಾಂತ ಮೇಷ್ಟ್ರೇ ನಂಬರ್ ಹುಡುಕಿ ಫೋನ್ ಮಾಡಿದರು. ಆ ಲ್ಯಾಪ್‌ಟಾಪೇ ಪಂಚಶೀಲಾ ಸ್ವಂತವಾಗಿ ಮಾಡಿದ ಮೊದಲ ಕೆಲಸ. ಅದಾಗಿ ಆರು ವರ್ಷ. ಈಗ ಶಹಾಪುರದಲ್ಲಿ ಅಣ್ಣ ಹಣಮೇಶನ ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಅವರದೊಂದು ಮೇಜಿದೆ. ವಾರದಲ್ಲಿ ನಾಲ್ಕು ದಿನ ಬೆಳಗ್ಗೆ ಹಳ್ಳಿಗಳು, ಉಳಿದ ಹೊತ್ತು ಮೇಜು. ತಿಂಗಳಿಗೆ ಮೂವತ್ತರಿಂದ ನಲವತ್ತು ಕಂಪ್ಯೂಟರುಗಳು ಅವರ ಕೈ ದಾಟುತ್ತವೆ. "ರಿಪೇರಿ ಮಾಡಾಂವ ಎಲ್ಲಿ ಹೋಗ್ಯಾನ?" ಎಂದು ಅವರನ್ನೇ ಕೇಳುವವರು ಇಂದಿಗೂ ಇದ್ದಾರೆ. ಅವರು ಸ್ಕ್ರೂ ಬಿಚ್ಚಲು ಶುರು ಮಾಡುತ್ತಾರೆ.

ಹೋದ ವರ್ಷ ಮದುವೆ ಸೀಜನ್ನಿಗೆ ಮುಂಚೆ ಸುರಪುರದಿಂದ ಚಾಂದಬೀ ಬಂದರು. ಕಂಪ್ಯೂಟರ್ ಮಷಿನ್ನಿನಲ್ಲಿ ಮದುಮಕ್ಕಳ ಕುಪ್ಪಸಕ್ಕೆ ಕಸೂತಿ ಹಾಕುವವರು. ಎರಡು ಟಿಬಿ ಎಸ್‌ಎಸ್‌ಡಿ ತೀರಾ ಅಗ್ಗಕ್ಕೆ ಸಿಕ್ಕಿತೆಂದು ಆನ್‌ಲೈನಿನಲ್ಲಿ ತರಿಸಿ, ವರ್ಷಗಟ್ಟಲೆ ಕೂಡಿಟ್ಟ ಡಿಸೈನುಗಳನ್ನೆಲ್ಲ ಅದಕ್ಕೆ ಹಾಕಿ, ಹಳೆಯ ಡಿಸ್ಕಿನಲ್ಲಿದ್ದುದನ್ನು ಅಳಿಸಿದ್ದರು. ಆಮೇಲೆ ಒಂದು ಫೈಲೂ ತೆರೆಯಲಿಲ್ಲ. ಪಂಚಶೀಲಾ ಆ ಎಸ್‌ಎಸ್‌ಡಿಯ ಡಬ್ಬಿ ಬಿಚ್ಚಿದರು. ಒಳಗಿದ್ದದ್ದು ಎರಡು ಟಿಬಿ ಎಂದು ಸುಳ್ಳು ತೋರಿಸುವಂತೆ ಮಾಡಿದ, ಮೊಬೈಲಿಗೆ ಹಾಕುವ ಸಣ್ಣ ಮೆಮೊರಿ ಕಾರ್ಡ್, ಜೊತೆಗೆ ಭಾರ ಬರಲೆಂದು ಅಂಟಿಸಿದ ಕಬ್ಬಿಣದ ತುಂಡು.

"ಇದರಾಗಿಂದು ಹೋತು ಖಾಲಾ. ಹಳೇ ಡಿಸ್ಕ್ ಎಲ್ಲದ? ಅದರ ಮ್ಯಾಲ ಮತ್ತೇನರ ಹಾಕೀರೇನು?"

"ಇಲ್ಲ ಬೇಟಿ, ಪೆಟ್ಟಿಗ್ಯಾಗ ಇಟ್ಟೀನಿ."

ಅದೊಂದೇ ಆಸೆ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ್ದು, ಮೇಲೆ ಬೇರೇನೂ ಬರೆಯದಿದ್ದರೆ, ಬಹುಪಾಲು ಮತ್ತೆ ಸಿಗುತ್ತದೆ. ಪಂಚಶೀಲಾ ಬೇರೆ ಕೆಲಸ ಬದಿಗಿಟ್ಟು ಮೂರು ದಿನ ಅದರ ಮುಂದೆ ಕೂತರು. ಹೆಸರು ಕಳೆದುಕೊಂಡ ಫೈಲುಗಳನ್ನು ಅವರು ಒಂದೊಂದಾಗಿ ತೆರೆದಂತೆ, ಇದು ನವಿಲು, ಇದು ಮಾವಿನಕಾಯಿ ಬಳ್ಳಿ ಎಂದು ಚಾಂದಬೀ ಪಕ್ಕದಲ್ಲಿ ಕೂತು ಹೇಳುತ್ತ ಹೋದರು. ಆಮೇಲೆ ಮಾಡಿದ ಹೊಸ ಡಿಸೈನುಗಳು ನೇರ ಆ ಡಬ್ಬಿಗೇ ಹೋಗಿದ್ದರಿಂದ ಅವು ದಕ್ಕಲಿಲ್ಲ. "ಎಲ್ಲಾ ಸಿಗಲಿಲ್ರಿ. ಸಿಕ್ಕದ್ದರಾಗ ಸೀಜನ್ ದಾಟೀನಿ," ಎನ್ನುತ್ತಾರೆ ಚಾಂದಬೀ. ಅವರ ಮಷಿನ್ ಇಂದಿಗೂ ಓಡುತ್ತಿದೆ.

ಅಂದಿನಿಂದ ಪಂಚಶೀಲಾ ಗಿರಾಕಿ ತಂದ ಡ್ರೈವನ್ನೂ, ತಾವೇ ತರಿಸಿದ ಡ್ರೈವನ್ನೂ ಮೊದಲು ಅಂಚಿನವರೆಗೆ ತುಂಬಿಸಿ, ತುಂಬಿಸಿದ್ದನ್ನು ಮರಳಿ ಓದಿಸಿ ನೋಡದೆ ಕೂಡಿಸುವುದಿಲ್ಲ. ಅರ್ಧ ದಿನ ಹಿಡಿದರೂ ಸರಿ. ಆತುರ ಮಾಡುವವರಿಗೆ ಡ್ರೈವ್ ವಾಪಸ್ ಕೊಟ್ಟು ಕಳಿಸಿದ್ದೂ ಉಂಟು. ಕೂಡಿಸಿದ ಮೇಲೆ ತಪ್ಪದೆ ಒಂದು ಮಾತು ಹೇಳುತ್ತಾರೆ: "ಎಸ್‌ಎಸ್‌ಡಿ ಜೋರ್ ಓಡ್ತದ, ಆದ್ರ ಅಳಿಸಿದ್ದು ತಿರುಗಿ ಕೊಡಂಗಿಲ್ಲ. ಬೇಕಾದ್ದು ಎರಡು ಕಡಿ ಇಡ್ರಿ."

ಮುಂದೇನು ಆಸೆ ಎಂದು ಕೇಳಿದರೆ, ಚೀಲ ಹೆಗಲಿಗೇರಿಸುತ್ತ ಹೇಳುತ್ತಾರೆ: "ಕೊಂಡ ಮ್ಯಾಲ ಅಳಕೋತ ಬರ್ತಾರ್ರಿ ಮಂದಿ. ಕೊಳ್ಳೂಕಿಂತ ಮೊದಲ ಒಂದು ಫೋನ್ ಮಾಡ್ಲಿ. ನನ್ನ ಹಂತೇಕನೇ ಕೊಳ್ರಿ ಅನ್ನಂಗಿಲ್ಲ. ಎಲ್ಲೇ ಕೊಳ್ಳಲಿ, ಖರೇದು ಕೊಳ್ಳಲಿ."