ಮೂಗಿಗೆ ಬಿಟ್ಟ ಎಣ್ಣೆ

ನನ್ನ ಮಗಳ ಎದೆ ಕೆಡಿಸಿದವರು ನನ್ನ ಅತ್ತೆಯಲ್ಲ. ಕೆಡಿಸಿದವಳು ನನ್ನ ಹೆತ್ತವ್ವ. ಇದು ನನಗೆ ಗೊತ್ತಾಗಿ ಹದಿನೈದು ವರ್ಷದ ಮೇಲಾಯಿತು. ಗೊತ್ತಾದ ದಿನವೇ ಬಾಯಿ ಬಿಡಬೇಕಿತ್ತು — ಬಿಡಲಿಲ್ಲ. ನಾನೇನು ಬಾಯಿ ಸತ್ತ ಹೆಂಗಸಲ್ಲ. ಕಾಯಿಪಲ್ಯೆ ಮಾರುವವನ ಜೊತೆ, ಬಸ್ ಕಂಡಕ್ಟರನ ಜೊತೆ, ಮಗಳ ಸಾಲಿಯ ಮಾಸ್ತರರ ಜೊತೆ ಜಗಳಕ್ಕೆ ನಿಂತರೆ ಅವರೇ ಕೈ ಮುಗಿದು ಹೋಗಬೇಕು. ಅಂಥವಳು ಈ ಒಂದು ಮಾತನ್ನು ನುಂಗಿಕೊಂಡು, ಮೇಲೆ ಸೆರಗು ಹೊದ್ದು, ಊರಲ್ಲೆಲ್ಲ ಓಡಾಡಿದೆ.

ಸಹನಾ ಹುಟ್ಟಿದ್ದು ಕಟಕೋಳದಲ್ಲಿ, ನನ್ನ ತವರಿನಲ್ಲಿ. ಕಿವಿಗೆ ಬಟ್ಟೆ ಕಟ್ಟಿಕೊಂಡು ಒಳಕೋಣೆಯಲ್ಲಿ ಮಲಗಿದ ಬಾಣಂತಿಗೆ ಬಚ್ಚಲಲ್ಲಿ ಕೂಸಿಗೆ ಹೇಗೆ ಎರೆಯುತ್ತಾರೆ ಎಂಬುದು ಕಾಣುವುದಿಲ್ಲ. ಅಳು ಕೇಳಿಸುತ್ತದೆ, ಆಮೇಲೆ ಲೋಬಾನದ ಹೊಗೆಯ ವಾಸನೆಯೊಡನೆ ಕೆಂಪಗಾದ ಕೂಸು ಪಕ್ಕಕ್ಕೆ ಬಂದು ಮಲಗುತ್ತದೆ. ಅಷ್ಟೇ ನನಗೆ ಗೊತ್ತಿದ್ದದ್ದು. ಎರೆಯುತ್ತಿದ್ದವಳು ಅವ್ವ. ಗಂಡ ತೀರಿಕೊಂಡ ಮೇಲೆ ನನ್ನೊಬ್ಬಳನ್ನೇ ಕಣ್ಣಲ್ಲಿ ಕಣ್ಣಿಟ್ಟು ಸಾಕಿದವಳು. ಅವಳ ಕೈಯಲ್ಲಿ ಕೂಸನ್ನು ಕೊಟ್ಟು ನಾನು ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಐದು ತಿಂಗಳಿಗೆ ಬೈಲಹೊಂಗಲದ ಗಂಡನ ಮನೆಗೆ ಬಂದೆವು. ಮಾವನವರದು ಪೇಟೆಯಲ್ಲಿ ಕಾಳಿನ ಅಂಗಡಿ. ನನ್ನ ಯಜಮಾನರು ಸವದತ್ತಿಯ ಹೈಸ್ಕೂಲಿನಲ್ಲಿ ಮಾಸ್ತರು, ದಿನಾ ಬಸ್ಸಿಗೆ ಹೋಗಿ ಬರುವವರು. ಮೈದುನ ಬಸವರಾಜನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಇಲ್ಲಿ ಕೂಸಿಗೆ ಎರೆಯುವುದು ಅತ್ತೆಯ ಪಾಲಿಗೆ ಬಂತು. ಅತ್ತೆ, ಗಂಗವ್ವ ಅಂತ ಹೆಸರು, ಮಾತು ಕಡಿಮೆ, ಕೈ ಮೆತ್ತಗೆ. ಅವರ ಕಾಲ ಮೇಲೆ ಸಹನಾ ನಕ್ಕುಕೊಂಡೇ ನೀರು ಹಾಕಿಸಿಕೊಳ್ಳುತ್ತಿದ್ದಳು. ನನಗೆ ಅದು ಸಹ ಹೊಟ್ಟೆಯುರಿಯೇ — ಈಗ ಹೇಳಿಕೊಳ್ಳಲು ನಾಚಿಕೆಯೇನು.

ಕೆಮ್ಮು ಕಟಕೋಳದಿಂದಲೇ ಜೊತೆಗೆ ಬಂದಿತ್ತು. ಮೊದಲು ಸಣ್ಣಗೆ, ಆಮೇಲೆ ಎದೆಯೊಳಗೆ ಗರಗರ. ಹಾಲು ಕುಡಿಯಲು ಬಾಯಿ ಹಚ್ಚಿದರೆ ಉಸಿರು ಸಾಲದೆ ಬಿಟ್ಟುಬಿಡುತ್ತಿತ್ತು. ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಎಳೆದುಕೊಳ್ಳುತ್ತಿತ್ತು. ಅದನ್ನು ನೋಡುತ್ತ ಕೂರುವುದಿದೆಯಲ್ಲ — ನೋಡಿದ ತಾಯಂದಿರಿಗೆ ಮಾತ್ರ ಗೊತ್ತು. ಬೈಲಹೊಂಗಲದ ಡಾಕ್ಟರು ಔಷಧ ಕೊಟ್ಟರು, ಆರಾಮವಾಯಿತು, ಮತ್ತೆ ಬಂತು. ಕಿತ್ತೂರಿನಲ್ಲಿ ಮಕ್ಕಳ ಡಾಕ್ಟರು ಒಬ್ಬರು ಚಲೋ ನೋಡುತ್ತಾರೆಂದು ಅಲ್ಲಿಗೆ ಹೊತ್ತುಕೊಂಡು ಹೋದೆವು. ಒಬ್ಬರು ದಮ್ಮು ಅಂದರು, ಇನ್ನೊಬ್ಬರು ಹೃದಯದಲ್ಲಿ ತೂತು ಇದೆಯೋ ಏನೋ ನೋಡಿಸಿರಿ ಅಂದರು. ಆ ಮಾತು ಕೇಳಿ ಯಜಮಾನರು ದವಾಖಾನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ತೂತು ಇರಲಿಲ್ಲ. ಹಾಗಾದರೆ ಏನು? ಯಾರಿಗೂ ಗೊತ್ತಿರಲಿಲ್ಲ. ದೃಷ್ಟಿ ತೆಗೆಸಿದೆವು, ತಾಯತ ಕಟ್ಟಿಸಿದೆವು, ಅವ್ವ ಎಲ್ಲಮ್ಮನಿಗೆ ಹರಕೆ ಹೊತ್ತಳು. ಕೂಸು ಮಾತ್ರ ಸೊರಗುತ್ತಲೇ ಹೋಯಿತು.

ಕೆಮ್ಮು ಜೋರಾಯಿತೆಂದು ಫೋನು ಹೋದರೆ ಸಾಕು, ಅವ್ವ ಮುಂದಿನ ಬಸ್ಸಿಗೇ ಚೀಲ ಹಿಡಿದು ಬಂದುಬಿಡುತ್ತಿದ್ದಳು. ಬಂದಷ್ಟು ದಿನ ಕೂಸು ಅವಳ ಹತ್ತಿರವೇ. ಒಂದು ಸಲ ಅವ್ವ ಊರಿಗೆ ಹೋದ ಮೇಲೆ ಅತ್ತೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಅಂದರು:

"ನಿಮ್ಮವ್ವ ಬಂದು ಹ್ವಾದ ಮ್ಯಾಲನ ಕೂಸಿನ ಕೆಮ್ಮ ಹೆಚ್ಚಾಗತೈತಿ ನೋಡವಾ. ನಾ ತಪ್ಪ ತಿಳಕೊಂಡಿದ್ರ ಬಿಡು."

ನಾನು ಬಿಡುವವಳೇ? "ಅಂದ್ರ? ನಮ್ಮವ್ವ ಚೀಲದಾಗ ವಿಷಾ ತರತಾಳೇನ್ರಿ ಅತ್ತಿ?" ಅಂದೆ. ಅವರು ಇನ್ನೊಂದು ರೊಟ್ಟಿ ಬಡಿಯತೊಡಗಿದರು. ನಾನು ಅದನ್ನು ಒಂದಕ್ಕೆರಡು ಮಾಡಿ ಯಜಮಾನರಿಗೆ ಹೇಳಿ, ಸವದತ್ತಿಯಲ್ಲೇ ಬೇರೆ ಮನೆ ಮಾಡೋಣ ಎಂದು ಅಳುತ್ತ ಹಟ ಹಿಡಿದೆ. ಬೇರೆ ಮನೆಯ ಆಸೆ ನನಗೆ ಮದುವೆಯಾದಾಗಿನಿಂದ ಇತ್ತು. ಅದು ಅವ್ವನಿಗೂ ಗೊತ್ತಿತ್ತು.

ಕೊನೆಗೆ ಬೆಳಗಾವಿಯ ದೊಡ್ಡ ದವಾಖಾನೆ. ಎಕ್ಸರೇ ಹಿಡಿದುಕೊಂಡ ಡಾಕ್ಟರು ನಮ್ಮನ್ನೆಲ್ಲ ಒಳಗೆ ಕರೆದರು — ನಾನು, ಯಜಮಾನರು, ಮಾವ, ಅತ್ತೆ, ಅವ್ವ. ಅತ್ತೆಯ ಕೈ ಕೂಸಿನ ಪಾದದ ಮೇಲಿತ್ತು.

"ಎರಿಯೋ ಮುಂದ ಕೂಸಿನ ಮೂಗಿಗೆ ಎಣ್ಣಿ ಬಿಡತೀರೇನ್ರಿ? ಖರೇ ಹೇಳ್ರಿ."

ಮೂಗಿಗೆ ಬಿಟ್ಟ ಎಣ್ಣೆ ಸೀದಾ ಪುಪ್ಪುಸಕ್ಕೆ ಇಳಿಯುತ್ತದೆ, ಅಲ್ಲೇ ಕೂತು ನ್ಯುಮೋನಿಯಾ ಮಾಡುತ್ತದೆ, ಈ ಕಡೆ ಹಳ್ಳಿಗಳಲ್ಲಿ ಬಹಳ ನೋಡಿದ್ದೇನೆ ಎಂದು ಅವರು ಬಿಡಿಸಿ ಹೇಳುತ್ತಿದ್ದಂತೆ ಅವ್ವನ ಮಾತು ಬಂತು — ಎಲ್ಲರಿಗಿಂತ ಮೊದಲು.

"ಅಯ್ಯ, ಇಲ್ರೀ ಸಾಹೇಬ್ರ! ನಮ್ಮ ಮನ್ಯಾಗ ಅಂಥಾವೆಲ್ಲಾ ಇಲ್ಲ. ದಿನಾ ಎರಿಯಾಕಿ ನಮ್ಮ ಬೀಗತಿ. ಅವರನ್ನ ಕೇಳ್ರಿ."

ಅತ್ತೆ ತಡವರಿಸಿದರು. "ನಾ… ನಾ ನೆತ್ತಿಗಷ್ಟ ಹಚ್ಚತೇನ್ರಿ… ಕಿವಿಗಿ ಒಂದ್ ಹನಿ…" ಎಲ್ಲರ ಕಣ್ಣು ಅವರ ಮೇಲೆ. ಆ ತಡವರಿಕೆಯೇ ತಪ್ಪೊಪ್ಪಿಗೆ ಅನ್ನಿಸಿತು ನಮಗೆಲ್ಲ. ನಾನು ಕೂಸನ್ನು ಎದೆಗೆ ಎಳೆದುಕೊಂಡು, ಮಾವನವರ ಎದುರಿಗೇ ಅಂದೆ:

"ಇವತ್ತಿನಿಂದ ನನ್ನ ಕೂಸನ್ನ ಮುಟ್ಟಬ್ಯಾಡ್ರಿ ಅತ್ತಿ."

ಅವರ ಕೈ ಸರಕ್ಕನೆ ಹಿಂದೆ ಹೋಯಿತು. ಸೆರಗಿನೊಳಗೆ ಸೇರಿಕೊಂಡಿತು. ಮನೆಗೆ ಬಂದ ಮೇಲೆ ಅವರು ಮಾವನಿಗೆ ಆಣೆ ಮಾಡಿ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ — ನಾ ಬಿಟ್ಟಿಲ್ರಿ, ದೇವರಾಣಿ ಬಿಟ್ಟಿಲ್ರಿ. ಮಾವ, "ಎರಿಯಾಕಿ ನೀನ. ಮತ್ತ ಯಾರು ಬಂದು ಬಿಟ್ರು?" ಅಂದರು. ಅವ್ವನನ್ನು ನಾನೂ ಒಂದು ಮಾತು ಕೇಳಿದೆ, ಇಲ್ಲವೆನ್ನಲಾರೆ. ಅವಳು ಸಹನಾಳ ತಲೆಯ ಮೇಲೆ ಕೈಯಿಟ್ಟು, ಈ ಕೂಸಿನ ಮ್ಯಾಲ ಆಣಿ ಅಂದಳು. ಮುಗಿಯಿತು. ಹೆತ್ತವ್ವ ಕೂಸಿನ ತಲೆ ಮುಟ್ಟಿ ಹೇಳಿದ ಮೇಲೆ ಮತ್ತೇನು?

ಆ ತಿಂಗಳೇ ಸವದತ್ತಿಯಲ್ಲಿ ಬಾಡಿಗೆ ಮನೆಗೆ ಬಂದೆವು. ಮಾವನೇ ಗಾಡಿ ಮಾಡಿ ಸಾಮಾನು ಕಳಿಸಿದರು. ಕೂಸನ್ನು ನೋಡಿಕೊಳ್ಳಲು ಅವ್ವ ಜೊತೆಗೆ ಬಂದಳು. ಅತ್ತೆಯಿಂದ ದೂರವಾದೆವಲ್ಲ, ಇನ್ನು ಆರಾಮವಾಗುತ್ತದೆ ಅಂದುಕೊಂಡೆ — ಆಗಲಿಲ್ಲ. ಹಳೆಯದು ಹೋಗಲು ಹೊತ್ತು ಹಿಡಿಯುತ್ತದೆ ಅಂತ ಅವ್ವ ಸಮಾಧಾನ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ನಳಕ್ಕೆ ನೀರು ಬಿಟ್ಟರೆಂದು ಕೊಡ ತೆಗೆದುಕೊಂಡು ಓಣಿಯ ತುದಿಗೆ ಹೋದವಳು, ತಲೆಯ ಮೇಲಿಡುವ ಸಿಂಬಿ ಮರೆತೆನೆಂದು ವಾಪಸು ಬಂದೆ. ಹಿತ್ತಲ ಬಾಗಿಲು ತೆರೆದಿತ್ತು. ಅವ್ವ ಕಾಲು ಚಾಚಿ ಕೂತಿದ್ದಳು. ಕೂಸು ಅವಳ ಕಾಲ ಮೇಲೆ ಅಂಗಾತ, ತಲೆ ಇಳಿಬಿದ್ದು. ಪಕ್ಕದಲ್ಲಿ ಔಡಲೆಣ್ಣೆಯ ಬಟ್ಟಲು. ಅರಳೆಯನ್ನು ಅದರಲ್ಲಿ ಅದ್ದಿ, ಸಹನಾಳ ಮೂಗಿನ ಹೊಳ್ಳೆಯಲ್ಲಿ ಹಿಂಡುತ್ತಿದ್ದಳು. ಕೂಸು ಉಸಿರು ಕಟ್ಟಿ ಕೈಕಾಲು ಬಡಿಯಿತು. ಅವ್ವ ಅದರ ಎದೆ ನೀವುತ್ತ, "ಆತು, ಆತು ನನ್ನ ಬಂಗಾರಿ" ಅನ್ನುತ್ತಿದ್ದಳು. ಎಷ್ಟು ಪ್ರೀತಿಯಿಂದ ಅನ್ನುತ್ತಿದ್ದಳು!

ಕೂಸನ್ನು ಕಸಿದುಕೊಂಡೆ. ಬಟ್ಟಲು ಉರುಳಿತು. ಅವ್ವನಿಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು.

"ಕಫಾ ಕಿತ್ತ ಬರಲಿ ಅಂತ ಬಿಡತೇನಿ! ಆ ಡಾಕ್ಟರಗೇನ ಗೊತ್ತೈತಿ? ನಿನಗೂ ಬಿಟ್ಟೇನಿ. ನೀ ಸತ್ತೇನು?"

"ಕೂಸಿನ ಮ್ಯಾಲ ಆಣಿ ಮಾಡಿದೆಲ್ಲವ್ವಾ… ಅತ್ತಿ ಮ್ಯಾಲ ಯಾಕ ಹಾಕಿದಿ?"

ಅವಳು ಸೀರೆಗೆ ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು. "ಹಾಕಲಿಲ್ಲಂದ್ರ ನಿನ್ನ ಇಲ್ಲಿ ಬ್ಯಾರೆ ಇಡತಿದ್ರೇನು? ಯಾರ ಸಲವಾಗಿ ಮಾಡೇನಿ ನಾ?"

ಆ ಮಾತು ಇವತ್ತಿಗೂ ನನ್ನ ಮೈಯಲ್ಲಿ ಮುಳ್ಳಿನಂತೆ ಮುರಿದುಕೊಂಡಿದೆ. ಯಾರನ್ನು ಕಣ್ಣು ಮುಚ್ಚಿ ನಂಬಿದ್ದೆನೋ ಅವಳೇ ನನ್ನ ಕೂಸಿನ ಉಸಿರಿಗೆ ಕೈ ಹಾಕಿದ್ದಳು, ಅದೇ ಕೂಸಿನ ತಲೆ ಮುಟ್ಟಿ ಸುಳ್ಳು ಹೇಳಿದ್ದಳು, ಆಮೇಲೆ ಎಲ್ಲ ನಿನ್ನ ಸಲುವಾಗಿ ಅಂತ ನನ್ನ ಉಡಿಗೇ ಹಾಕಿದಳು! ಎಂಥ ಮೋಸ ಅವ್ವಾ ಅದು! ಮಣ್ಣು ಕೊಡುವ ದಿನ ನಿನ್ನ ಮುಖ ನೋಡಿದಾಗಲೂ ನನಗೆ ಮೊದಲು ಬಂದದ್ದು ಅಳುವಲ್ಲ, ಆ ಬಟ್ಟಲು.

ಆದರೆ ಸತ್ತವಳ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಇದನ್ನು ಬರೆಯುತ್ತಿಲ್ಲ. ಅವ್ವ ಮಾಡಿದ್ದು ಅವ್ವನದು. ನಾನು ಮಾಡಿದ್ದು? ಸೊಂಟ ನೋವಂತೆ, ಊರಿಗೆ ಹೋಗುತ್ತಾಳಂತೆ ಎಂದು ಯಜಮಾನರಿಗೆ ಹೇಳಿ ಅವಳನ್ನು ಬಸ್ಸು ಹತ್ತಿಸಿದೆ. ನಿಜ ಹೇಳಿದರೆ ತವರು ತಪ್ಪುತ್ತದೆ ಅಂತ ಹೆದರಿದೆ. ಅದಕ್ಕಿಂತ ಹೆಚ್ಚಾಗಿ — ಬೈಲಹೊಂಗಲಕ್ಕೆ ವಾಪಸು ಹೋಗಬೇಕಾಗುತ್ತದೆ ಅಂತ ಹೆದರಿದೆ. ಸವದತ್ತಿಯ ಆ ಎರಡು ಕೋಣೆಯಲ್ಲಿ ನಾನೇ ರಾಣಿ. ಬಿಡಲು ಮನಸ್ಸಾಗಲಿಲ್ಲ.

ಎಣ್ಣೆ ನಿಂತಿತು, ಮಳೆಗಾಲ ಮುಗಿಯುವಷ್ಟರಲ್ಲಿ ಸಹನಾಳ ಎದೆ ಹಗುರಾಯಿತು, ಕೆನ್ನೆ ತುಂಬಿತು. "ಅಂತೂ ಅಕಿ ಕೈಯಿಂದ ಕೂಸು ಪಾರಾತು," ಅಂದರು ಮಾವ. ನಾನು ಅವರಿಗೆ ಚಹಾ ಕೊಡುತ್ತ ನಿಂತಿದ್ದೆ. ಹೂಂ ಅಂದೆ. ಬರೀ ಹೂಂ.

ಆಮೇಲೆ ಹಬ್ಬಕ್ಕೆ, ಮದುವೆಗೆ ಬೈಲಹೊಂಗಲಕ್ಕೆ ಹೋದಾಗಲೆಲ್ಲ ಸಹನಾ "ಅಜ್ಜೀ" ಎಂದು ಓಡಿ ಹೋಗುತ್ತಿದ್ದಳು. ಅತ್ತೆ ನಗುತ್ತಿದ್ದರು, ಕೈ ಮಾತ್ರ ಸೆರಗಿನೊಳಗೆ. ಮಾವ ಅವರ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು. ಮಾವ ತೀರಿಕೊಂಡರು. ಆಗಲೂ ನಾನು ಹೇಳಲಿಲ್ಲ. ಇನ್ನು ಹೇಳಿ ಏನುಪಯೋಗ ಅಂದುಕೊಂಡೆ, ಎಷ್ಟು ಸಲೀಸಾಗಿ ಅಂದುಕೊಂಡೆ!

ಈ ವರ್ಷ ಬಸವರಾಜನ ಹೆಂಡತಿ ರೂಪಾಗೆ, ಬಹಳ ವರ್ಷ ಕಾದ ಮೇಲೆ, ಗಂಡು ಕೂಸಾಯಿತು. ಬೈಲಹೊಂಗಲದ ಮನೆಯಲ್ಲೇ ತೊಟ್ಟಿಲ ಕಾರ್ಯ. ನಮ್ಮಲ್ಲಿ ಹೆಸರಿಡುವಾಗ ಕೂಸನ್ನು ತೊಟ್ಟಿಲ ಮೇಲಿಂದ ಕೆಳಗಿಂದ ಹೆಂಗಸರು ಒಬ್ಬರ ಕೈಯಿಂದೊಬ್ಬರ ಕೈಗೆ ದಾಟಿಸುತ್ತಾರೆ. ತೊಟ್ಟಿಲ ಆಚೆ ಮೊದಲು ನಿಲ್ಲಬೇಕಾದವರು ಅಜ್ಜಿ. ಯಾರೋ ಅತ್ತೆಯನ್ನು ಕರೆದರು. ರೂಪಾ ಕೂಸನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅತ್ತಿ ಕಡೆ ಬ್ಯಾಡ್ರಿ. ಅಕ್ಕನ ಕೂಸಿಗೆ ಏನಾತು ಎಲ್ಲಾರಿಗೂ ಗೊತ್ತೈತಲ್ಲ."

ನಾನಾಡಿದ್ದ ಮಾತೇ ಅದು, ಬೇರೆ ಬಾಯಿಂದ ಬಂತು. ಅತ್ತೆ ಆಗಲೇ ಕೈ ಒಳಗೆ ಹಾಕಿಕೊಂಡು ಗೋಡೆಗೆ ಸರಿದಿದ್ದರು. ಸಹನಾ ನನ್ನ ಕಡೆ ತಿರುಗಿ, "ನನಗೇನಾಗಿತ್ತವ್ವಾ?" ಅಂದಳು. ಕಾಲೇಜಿಗೆ ಹೋಗುವ ಹುಡುಗಿ. ಅವಳಿಗೆ ಯಾರೂ ಹೇಳಿರಲಿಲ್ಲ.

ಹೇಳಿದೆ. ಹೆಂಗಸರ ನಡುವೆ, ಆರತಿ ತಟ್ಟೆಯ ಮುಂದೆ, ಎಲ್ಲ ಹೇಳಿದೆ. ಬಟ್ಟಲು, ಆಣೆ, ಬೇರೆ ಮನೆ, ನಾನು ಅಂದ ಹೂಂ — ಒಂದನ್ನೂ ಬಿಡಲಿಲ್ಲ. ಯಜಮಾನರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ಅತ್ತೆ ನನ್ನ ಮುಖ ನೋಡಲಿಲ್ಲ. ಗೋಡೆಯ ಮೇಲಿನ ಮಾವನ ಫೋಟೋ ನೋಡಿದರು.

"ಅವರಿದ್ದಾಗ ಹೇಳಬೇಕಿತ್ತಲ್ಲವಾ ಶೈಲಾ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಕಡೀಕ ಬಾಯಾಗ ನೀರ ಬಿಡಾಕ ಹ್ವಾದೆ. ನೀ ಬ್ಯಾಡ, ಬಸೂನ ಕೈಯಾಗ ಕೊಡು ಅಂದ್ರು. ನನ್ನ ಕೈಯಿಂದ ಕುಡೀಲಿಲ್ಲ."

ಅದು ನನಗೆ ಗೊತ್ತಿರಲಿಲ್ಲ. ಬಸವರಾಜನೂ ಅದನ್ನು ಯಾರಿಗೂ ಹೇಳಿರಲಿಲ್ಲ.

ರೂಪಾ ಅಳುತ್ತ ಬಂದು ಕೂಸನ್ನು ಅತ್ತೆಯ ಮುಂದೆ ಹಿಡಿದಳು. "ತಗೋರಿ ಅತ್ತಿ, ತಪ್ಪಾತ್ರಿ." ಅತ್ತೆ ಕೂಸಿನ ಮುಖವನ್ನು ಬಹಳ ಹೊತ್ತು ನೋಡಿದರು. ಸೆರಗು ಅಲುಗಲಿಲ್ಲ.

"ಇರಲಿ ಬಿಡವಾ. ಕೈಗಿ ರೂಢಿ ತಪ್ಪೈತಿ," ಅಂದರು.

ಅವತ್ತಿನಿಂದ ಯಜಮಾನರು ನನ್ನ ಜೊತೆ ಮಾತಾಡಿಲ್ಲ. ಆಡಿರೆಂದು ನಾನೂ ಕೇಳಿಲ್ಲ. ಆ ಸುಳ್ಳು ಯಾರ ಯಾರ ಮನೆಗೆ ಹೋಗಿತ್ತೋ ಅವರೆಲ್ಲರ ಬಾಗಿಲಿಗೆ ನಾನೇ ಹೋಗಿ ನಿಜ ಹೇಳುತ್ತಿದ್ದೇನೆ — ಓಣಿಯವರಿಗೆ, ಪೇಟೆಯವರಿಗೆ, ಕಟಕೋಳದಲ್ಲಿ ನನ್ನ ತವರಿನವರಿಗೆ. ಕೆಲವರು ಕೇಳುತ್ತಾರೆ, ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಹೇಳಲೇಬೇಕಾಗಿದ್ದದ್ದು ಮಾವನವರೊಬ್ಬರಿಗೆ. ಅವರು ಅತ್ತೆಯ ಕೈಯ ನೀರು ಬೇಡವೆಂದು ಹೋದರು. ಅವರ ಬಾಯಲ್ಲಿ ಬೇಡ ಅನ್ನಿಸಿದವಳು ನಾನು.