ಗೋದಲಿಯ ಮುಂದೆ ನಿಂತ ಸೈಕಲ್ಲು

ನಮ್ಮ ಬೈಂದೂರು ಕಡೆ ಬಸ್ಸು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ತಿರುವಿನಾಚೆ ಹಾರನ್ ಹೊಡೆದದ್ದು, ನಾವು ಚಪ್ಪಲಿ ಮೆಟ್ಟುವುದರೊಳಗೆ ಎದುರು ಬಂದು ನಿಂತಿರುತ್ತದೆ. ರಾಯಚೂರು ಸೀಮೆಯ ಹಿರೇಕೊಟ್ನೆಕಲ್‌ನಲ್ಲಿ ಮೊದಲ ಬೆಳಿಗ್ಗೆ ರಸ್ತೆಬದಿ ನಿಂತಾಗ ದೂರದಲ್ಲಿ ಬಸ್ಸು ಕಂಡಿತು. ಬ್ಯಾಗು ಹೆಗಲಿಗೇರಿಸಿ, ಉಚಿತ ಟಿಕೆಟ್ಟಿಗೆ ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಸಜ್ಜಾದೆ. ಬಸ್ಸು ಬರುತ್ತಲೇ ಇತ್ತು. ಗುಡ್ಡವಿಲ್ಲ, ತಿರುವಿಲ್ಲ, ಅಡ್ಡಕ್ಕೆ ಒಂದು ಮರವೂ ಇಲ್ಲ. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ ಅಜ್ಜ ನನ್ನ ಅವಸರ ನೋಡಿ, "ಕುಂದರ್ರಿ ಅಕ್ಕೋರ, ಅದು ಇನ್ನಾ ಆ ಊರಾಗ ಚಾ ಕುಡ್ಯಾಕತ್ತದ" ಎಂದ. ಕೂತೆ. ಬೆಂಕಿಪೊಟ್ಟಣದಷ್ಟಿದ್ದ ಬಸ್ಸು ಟ್ರಂಕಿನಷ್ಟಾಯಿತು. ಆಮೇಲೆ ಯಾವುದೋ ಅಡ್ಡದಾರಿಗೆ ತಿರುಗಿ ಬೇರೆ ಊರಿಗೆ ಹೊರಟುಹೋಯಿತು. ಅದು ನನ್ನ ಬಸ್ಸೇ ಅಲ್ಲವಂತೆ.

ಇಲ್ಲಿ ಶಾಲೆಯ ಟೀಚರ್‌ಗೆ 'ಅಕ್ಕೋರು' ಅನ್ನುತ್ತಾರೆ. ನಾನು ಗಣಿತದ ಅಕ್ಕೋರು. ಮೊದಲ ಕೆಲವು ವರ್ಷ ದೇವದುರ್ಗ ಪಟ್ಟಣದಲ್ಲಿದ್ದೆ. ಮನೆಯ ಎದುರೇ ಶಾಲೆ, ಆದ್ದರಿಂದ ಈ ಸೀಮೆಯ ನೆಲವನ್ನು ನಾನು ತುಳಿದೇ ಇರಲಿಲ್ಲ ಎನ್ನಬೇಕು. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಮಾನ್ವಿ ತಾಲ್ಲೂಕಿನ ಈ ಒಳಹಳ್ಳಿಯ ಶಾಲೆಗೆ ಬಂದೆ. ಕೋಣೆ ಹಿರೇಕೊಟ್ನೆಕಲ್‌ನಲ್ಲಿ, ಶಾಲೆ ಅಲ್ಲಿಂದ ಐದಾರು ಕಿಲೋಮೀಟರ್ ಆಚೆ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ಎರಡೂ ತಮ್ಮ ಮನಸ್ಸು ಬಂದಾಗ. ಹತ್ತನೆಯ ತರಗತಿಯವರಿಗೆ ಬೆಳಗಿನ ವಿಶೇಷ ತರಗತಿ ನನ್ನದು, ಅದಕ್ಕೆ ಬಸ್ಸನ್ನು ನಂಬಿದರೆ ಮಕ್ಕಳ ಗತಿ ಗೋವಿಂದ. ಎಲ್ಲರೂ ಸ್ಕೂಟಿ ತಗೋರಿ ಅಂದರು. ನನಗೋ ಎಂಜಿನ್ ಮುಂದೆ ಓಡಿದರೆ ಜೀವ ಹಿಂದೆ ಉಳಿದುಬಿಡುತ್ತದೆ. ಸೈಕಲ್ಲೇ ಸರಿ ಎಂದೆ. ನಮ್ಮೂರಿನ ಏರು ದಾರಿಯಲ್ಲಿ ಅರ್ಧ ದೂರ ಸೈಕಲ್ಲನ್ನು ನಾನೇ ಹೊರಬೇಕಿತ್ತು. ಇಲ್ಲಿ ರೊಟ್ಟಿಹಂಚಿನಂಥ ನೆಲ, ಇದಕ್ಕಿಂತ ಭಾಗ್ಯ ಬೇಕೇ?

ಆದರೆ ಅಂಗಡಿಯಲ್ಲಿದ್ದ ಯಾವ ಸೈಕಲ್ಲೂ ನನಗೆ ಸರಿಬರಲಿಲ್ಲ. ಸೀರೆ ಉಡುವವಳಿಗೆ ಅಡ್ಡಪೈಪು ಬೇಡ, ನೋಟ್‌ಬುಕ್ಕಿನ ಹೊರೆಗೆ ಗಟ್ಟಿ ಕ್ಯಾರಿಯರ್ ಬೇಕು. ಹಾಗಾಗಿ ಕಟ್ಟಿಸಲು ಹೊರಟೆ. ಹಳೆಯ ಲೇಡೀಸ್ ಫ್ರೇಮು ರಾಯಚೂರಿನಲ್ಲಿ ಸಿಕ್ಕಿತು. ಅದನ್ನು ಹೊತ್ತು ಬಸ್ಸು ಹತ್ತಿದಾಗ ಕಂಡಕ್ಟರ್, "ಇದರದೂ ಆಧಾರ್ ಕಾರ್ಡ್ ತೋರಸ್ರಿ" ಎಂದು ಬಸ್ಸಿಗೆ ಬಸ್ಸನ್ನೇ ನಗಿಸಿದ. ಅಕ್ಕಿಮೂಟೆ ತಡೆಯುವಂಥ ಕ್ಯಾರಿಯರ್ ದೇವದುರ್ಗದಿಂದ ಬಂತು. ಉಳಿದದ್ದೆಲ್ಲ ಮಾನ್ವಿಯ ಮೌಲಾಸಾಬರ ಕೈಚಳಕ.

ಮೌಲಾಸಾಬರು ಬಸ್ ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಮಾಡುವವರು. ಕೆಲಸಕ್ಕಿಂತ ಅಲಂಕಾರದಲ್ಲಿ ಅವರಿಗೆ ಆಸೆ ಹೆಚ್ಚು. ಹ್ಯಾಂಡಲ್ಲಿಗೆ ಬಣ್ಣದ ಕುಚ್ಚು ಕಟ್ಟುತ್ತೇನೆಂದು ಅವರು, ಬೇಡವೆಂದು ನಾನು. ಜಾಲಿಮುಳ್ಳು ಚುಚ್ಚದ ಹಾಗೆ ಟೈರಿನ ಒಳಗೆ ಹಳೆಯ ಟ್ಯೂಬನ್ನು ಸೀಳಿ ಹಾಸಿದರು. ಸೀರೆ ಸಿಕ್ಕದಂತೆ ಹಿಂದಿನ ಗಾಲಿಗೆ ಜಾಲರಿ ಹಾಕಿದರು. ಸೀಟಿಗೆ ಗೋಣಿತಟ್ಟಿನ ಗವಸು ಹೊಲಿಸಿದೆವು, ಬಿಸಿಲಲ್ಲಿ ಅದಕ್ಕೆ ನೀರು ಚಿಮುಕಿಸಿಯೇ ಕೂರಬೇಕು. ಇಲ್ಲವಾದರೆ ಏನಾಗುತ್ತದೆಂದು ಬರೆಯುವುದು ಮರ್ಯಾದೆಯಲ್ಲ.

ಮಡ್‌ಗಾರ್ಡಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಮಳೆಯ ಸೀಮೆಯವಳು ನಾನು. ಮಳೆ, ಕೆಸರಿನ ಬಗ್ಗೆ ನನಗೆ ಯಾರು ಹೇಳಿಕೊಡಬೇಕು? ಎರಡೂ ಗಾಲಿಗೆ ಉದ್ದನೆಯ ಮಡ್‌ಗಾರ್ಡು, ಟೈರಿಗೂ ಅದಕ್ಕೂ ನಡುವೆ ಒಂದು ಬೆರಳು ಸಂದಿ, ತುದಿಗೆ ರಬ್ಬರು. ನಮ್ಮ ಕಡೆ ಹಾಗಿಲ್ಲದಿದ್ದರೆ ಬೆನ್ನ ತುಂಬ ಕೆಂಪು ನೀರಿನ ಚಿತ್ತಾರ. ಹೊಳೆಯುವ ಸ್ಟೀಲೆಂದರೆ ಮೌಲಾಸಾಬರಿಗೆ ಪ್ರಾಣ. "ಭಾರಿ ಆತ್ರಿ ಅಕ್ಕೋರ! ಇದು ಸೈಕಲ್ ಅಲ್ರೀ, ಶಾದಿಗೆ ಹೊಂಟ ನವಾಬ!" ಎಂದರು. ಡಾಂಬರು ಬಿಟ್ಟು ಇಳಿಯದ ಅವರಿಗೂ ಸಂಶಯ ಬರಲಿಲ್ಲ, ನನಗಂತೂ ಬರುವ ಮಾತೇ ಇರಲಿಲ್ಲ.

ಬೇಸಿಗೆ ಮುಗಿಯುವವರೆಗೆ ನಾನೂ ಮಹಾರಾಣಿ. ಹೊಲಗಳ ನಡುವಿನ ಬಂಡಿದಾರಿ ಹಿಡಿದರೆ ಶಾಲೆ ಇನ್ನೂ ಹತ್ತಿರ. ನೆಲ ಕಲ್ಲಿನಂತೆ ಗಟ್ಟಿ, ಬೆಳಗಿನ ಗಾಳಿ ತಣ್ಣಗೆ. ಸಂಜೆಗಳು ಅಷ್ಟು ಸುಲಭವಿರಲಿಲ್ಲ. ಮನೆಯೊಡತಿ ನೀಲಮ್ಮ ಲಿಂಗ ಕಟ್ಟಿದವರು; ಅವರ ಅಂಗಳದ ಕೋಣೆಯಲ್ಲಿ ಒಣಮೀನು ಸುಡುವುದುಂಟೇ? ಪುಂಡಿಪಲ್ಯದ ಹುಳಿಯಲ್ಲಿ ಮೀನುಸಾರಿನ ನೆನಪು ಹುಡುಕುತ್ತ ರೊಟ್ಟಿ ಮುರಿಯುತ್ತಿದ್ದೆ. ಸಮುದ್ರದ ಸದ್ದಿಲ್ಲದೆ ನಿದ್ದೆ ಬರಲು ತಿಂಗಳುಗಳೇ ಬೇಕಾದವು.

ಮೇ ರಜೆಯಲ್ಲಿ ಊರಿಗೆ ಹೋದಾಗ ಅಮ್ಮ ಒಂದು ಸುದ್ದಿ ಹಿಡಿದು ಕಾದಿದ್ದಳು. ನಮ್ಮೂರಿನ ಹತ್ತಿರದ ಶಾಲೆಯಲ್ಲಿ ಮಾನ್ವಿ ಕಡೆಯ ಗಣಿತದ ಮೇಷ್ಟ್ರೊಬ್ಬರಿದ್ದಾರೆ, ಅವರಿಗೆ ತಮ್ಮ ಊರಿಗೆ ಮರಳುವ ಆಸೆ. ನಾನು ಒಪ್ಪಿದರೆ ಪರಸ್ಪರ ವರ್ಗಾವಣೆ; ಅವರು ಮಾನ್ವಿ ಕಡೆಗೆ, ನಾನು ನಮ್ಮೂರಿಗೆ. ಜೂನ್ ಮುಗಿಯುವುದರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. "ಎಂತ ಯೋಚ್ನಿ ಮಾರಾಯ್ತಿ? ಬಂದ್ಬಿಡ್" ಎಂದಳು ಅಮ್ಮ. ಯೋಚಿಸಲು ಏನಿತ್ತು ಎಂದು ನನಗೂ ತಿಳಿಯಲಿಲ್ಲ. ಆದರೂ ಹೂಂ ಎನ್ನದೆ ಬಸ್ಸು ಹತ್ತಿದೆ.

ಶಾಲೆ ಶುರುವಾದ ಮೇಲೆ ಮೊದಲ ದೊಡ್ಡ ಮಳೆ ಬಿತ್ತು. ಬೆಳಿಗ್ಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಇಷ್ಟು ಮಳೆಗೆ ನಮ್ಮಲ್ಲಿ ಕೊಡೆಯನ್ನೂ ಬಿಚ್ಚುವುದಿಲ್ಲ ಎಂದುಕೊಂಡು ಎಂದಿನಂತೆ ಬಂಡಿದಾರಿಗೆ ಇಳಿದೆ. ಇಪ್ಪತ್ತು ಮಾರು ಹೋಗಿರಬಹುದು, ಯಾರೋ ಹಿಂದಿನಿಂದ ಹಿಡಿದೆಳೆದಂತೆ ಸೈಕಲ್ಲು ನಿಂತಿತು. ಇಳಿದು ನೋಡಿದರೆ ಗಾಲಿಯೇ ಕಾಣುವುದಿಲ್ಲ! ಇಲ್ಲಿಯದು ಎರೆಮಣ್ಣು, ಹತ್ತಿ ಬೆಳೆಯುವ ಕಪ್ಪು ನೆಲ. ನಮ್ಮ ಕೆಂಪು ಮಣ್ಣು ನೀರು ಕಂಡರೆ ಹರಿದುಹೋಗುತ್ತದೆ. ಇದು ನೀರು ಕುಡಿದು ಕಣಕವಾಗುತ್ತದೆ. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಒಂದು ಬೆರಳು ಸಂದಿಯಲ್ಲಿ ಅದು ಒತ್ತಿ ಒತ್ತಿ ತುಂಬಿಕೊಂಡಿತ್ತು. ನೂಕಿದರೆ ಸರಿಯದು, ಎತ್ತಿದರೆ ಏಳದು. ನನ್ನ ಚಪ್ಪಲಿಗೂ ಕಾಲಿಗೊಂದು ಸೇರಿನಷ್ಟು ಮಣ್ಣು. ಅಲ್ಲಿ ಮಕ್ಕಳು ಕೂತು ಕಾಯುತ್ತಿದ್ದಾರೆ, ಇಲ್ಲಿ ನಾನು ಕಡ್ಡಿಯಿಂದ ಮಣ್ಣು ಕೆರೆಯುತ್ತಿದ್ದೇನೆ. ಅಳು ಬಂತು, ಅತ್ತೆ.

ಹೊಲದ ಹಸಿ ನೋಡಲು ಹೊರಟಿದ್ದ ನೀಲಮ್ಮ ಬಂದರು. ನೋಡಿದವರೇ ಬದುವಿನ ಮೇಲೆ ಕೂತು ನಕ್ಕರು. "ಯವ್ವಾ, ಗಾಲಿಗೆ ಟೊಪ್ಪಿಗಿ ಹಾಕ್ಕೊಂಡು ಎರಿಗೆ ಬಂದಿಯಲ್ಲ! ಎರಿಗೆ ಸಂದಿ ತೋರಿಸಬಾರದು, ಹೊಕ್ಕರ ಹೊರಗ ಬರಂಗಿಲ್ಲ ಅದು."

"ನಗಬ್ಯಾಡ್ರಿ ಯವ್ವಾ, ಹುಡುಗರು ಕಾಯ್ತಾರ" ಎಂದೆ. ಅಳುವಿನಲ್ಲೂ ಅವರ ಮಾತೇ ನನ್ನ ಬಾಯಲ್ಲಿ ಬಂದಿತ್ತು.

ಅವರು ಕುಡುಗೋಲಿನಿಂದ ಮಣ್ಣು ತೆಗೆದರು. ಇಬ್ಬರೂ ಸೈಕಲ್ಲನ್ನು ಹೆಣದ ಹಾಗೆ ಹೊತ್ತು ಡಾಂಬರಿಗೆ ತಂದೆವು. ಶಾಲೆ ಮುಟ್ಟಿದಾಗ ವಿಶೇಷ ತರಗತಿ ಮುಗಿಯುವ ಹೊತ್ತು ದಾಟಿತ್ತು. ಮಕ್ಕಳು ನನ್ನ ಮೊಣಕಾಲಿನವರೆಗಿನ ಕೆಸರು ನೋಡಿ, ನಗು ತಡೆಯಲು ಪುಸ್ತಕ ಮುಖಕ್ಕೆ ಹಿಡಿದುಕೊಂಡರು. ಸಂಜೆ ಮಡ್‌ಗಾರ್ಡುಗಳನ್ನು ಬಿಚ್ಚಿ ಮೂಲೆಗೆಸೆದು ಅಮ್ಮನಿಗೆ ಫೋನು ಮಾಡಿ, "ಆ ಮೇಷ್ಟ್ರಿಗೆ ಹೂಂ ಅಂತ ಹೇಳು. ಹುಣ್ಣಿಮೆ ಕಳೆದ ಮೇಲೆ ಸಹಿ ಕಳಿಸುತ್ತೇನೆ" ಎಂದೆ. ಮಣ್ಣು ಒಣಗಿ ಇಟ್ಟಿಗೆಯಾದ ಸೈಕಲ್ಲು ಅಂಗಳದಲ್ಲಿ ಒರಗಿಯೇ ಇತ್ತು, ನಾನು ಮತ್ತೆ ಬಸ್ಸಿನ ದಾರಿ ನೋಡುವವಳಾದೆ.

ಆ ಹುಣ್ಣಿಮೆ ಕಾರಹುಣ್ಣಿಮೆ. ಈ ಸೀಮೆಯಲ್ಲಿ ಅಂದು ಎತ್ತುಗಳ ಹಬ್ಬ. ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸಿ ಮೆರೆಸುತ್ತಾರೆ. ನೀಲಮ್ಮನ ಮನೆಯಲ್ಲಿ ಟ್ರ್ಯಾಕ್ಟರ್ ಬಂದ ವರ್ಷವೇ ಎತ್ತು ಮಾರಿದ್ದರು. ಮೇವು ಹಾಕುವ ಗೋದಲಿ ಮಾತ್ರ ಖಾಲಿ ಉಳಿದಿತ್ತು. ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ಗೋದಲಿಯ ಮುಂದೆ ನನ್ನ ಸೈಕಲ್ಲು ನಿಂತಿದೆ! ತೊಳೆದು ಫಳಫಳ ಮಾಡಿದ್ದಾರೆ. ಹ್ಯಾಂಡಲ್ಲಿನ ಒಂದು ಕೈಗೆ ಕೆಂಪು, ಇನ್ನೊಂದಕ್ಕೆ ಹಸಿರು, ಕೊಂಬಿಗೆ ಬಳಿಯುವ ಅದೇ ಬಣ್ಣ. ಮಾರಿದ ಎತ್ತಿನ ಗೆಜ್ಜೆಸರ ಅದರ ಕೊರಳಿಗೆ. ಮುಂದೆ ಬಾಳೆಲೆಯಲ್ಲಿ ಹೋಳಿಗೆ.

"ಇದೇನ್ರಿ ಯವ್ವಾ?" ಎಂದೆ.

"ಮತ್ತ? ಟ್ರ್ಯಾಕ್ಟರ್ ಡೀಸೆಲ್ ಕುಡದು ದುಡೀತದ. ನೀ ತಿಂದ ರೊಟ್ಟಿ ಬಲದಾಗ ದುಡಿಯೂದು ಈ ಮನ್ಯಾಗ ಇದೊಂದ ಉಳದದ" ಎಂದರು ನೀಲಮ್ಮ. ಆಮೇಲೆ ಬೆರಳೆತ್ತಿ, "ಒಂದ್ ಮಾತು. ಸೋಮವಾರ ಬಸವಣ್ಣನ ವಾರ. ಅವತ್ತು ಇದನ್ನ ಹೂಡಬ್ಯಾಡ, ಬಸ್ಸಿಗಿ ಹೋಗು."

ಎತ್ತಿಗೆ ಸೋಮವಾರ ಬಿಡುವು ಕೊಡುವುದು ಇಲ್ಲಿಯ ರೈತರ ಕಟ್ಟುಪಾಡು. ಗಣಿತ ಕಲಿಸುವ ನಾನು ಕಬ್ಬಿಣಕ್ಕೆ ದಣಿವಿಲ್ಲವೆಂದು ವಾದಿಸಬಹುದಿತ್ತು. "ಹೂನ್ರಿ" ಎಂದೆ. ನಮ್ಮೂರಿನ ಯಾವ ಮನೆಯೂ ನನ್ನದೊಂದು ವಸ್ತುವನ್ನು ಹೀಗೆ ತನ್ನದೆಂದು ಎಣಿಸಿರಲಿಲ್ಲ.

ಸಹಿ ಕಳಿಸಲಿಲ್ಲ. ಇನ್ನೊಂದು ವರ್ಷ ನೋಡುತ್ತೇನೆ ಎಂದು ಅಮ್ಮನಿಗೆ ಹೇಳಿದೆ. ಆ ಮೇಷ್ಟ್ರಿಗೆ ಬೇರೆ ಜೋಡಿ ಸಿಕ್ಕಿತಂತೆ. ಅಮ್ಮ ಎರಡು ವಾರ ಫೋನಿನಲ್ಲಿ ಊಟ ಆಯಿತೇ ಎಂಬುದೊಂದನ್ನೇ ಕೇಳಿದಳು. ಈಗ ಮಳೆಯಾದ ದಿನ ಡಾಂಬರು ಸುತ್ತಿಕೊಂಡು ಹೋಗುತ್ತೇನೆ, ಒಣಗಿದ ಮೇಲೆ ಬಂಡಿದಾರಿ. ಗೆಜ್ಜೆ ಸದ್ದಿಗೆ ಮಕ್ಕಳು ನಾನು ಬರುವ ಮೊದಲೇ ಬೆಂಚಿನಲ್ಲಿ ಕೂತಿರುತ್ತಾರೆ. ಕುಚ್ಚು ಬೇಡವೆಂದವಳ ಸೈಕಲ್ಲಿಗೆ ಗೆಜ್ಜೆ ಬಂದದ್ದು ಮೌಲಾಸಾಬರಿಗೆ ಇಂದಿಗೂ ಹೊಟ್ಟೆಯುರಿ.

ಮಡ್‌ಗಾರ್ಡುಗಳನ್ನು ಅಕ್ಟೋಬರ್ ರಜೆಯಲ್ಲಿ ಊರಿಗೆ ಒಯ್ದೆ. ಇಲ್ಲಿ ಅವು ದಂಡ, ಅಲ್ಲಿಯಾದರೂ ಇರಲಿ. ಅಮ್ಮ ಅವನ್ನು ತಿರುಗಿಸಿ ನೋಡಿ, "ಸೈಕಲ್ ಎಲ್ಲಿತ್?" ಎಂದಳು. ಅಲ್ಲಿ ಎಂದೆ. ಅವಳು ಜಗಲಿಯ ಮೊಳೆಗೆ ಎರಡನ್ನೂ ನೇತುಹಾಕಿದಳು.

ಮರುದಿನ ಹಿಂಗಾರಿನ ಮಳೆ ಹನಿಯುತ್ತಿತ್ತು. ಅಮ್ಮ ಅಂಗಡಿಯಿಂದ ಬೆಲ್ಲ ತರಲು ಹೇಳಿದಳು. ತಮ್ಮನ ಸೈಕಲ್ಲು ಬಾಗಿಲಲ್ಲೇ ಇತ್ತು. ಹ್ಯಾಂಡಲ್ಲಿಗೆ ಕೈಹಾಕಿದವಳು ತೆಗೆದುಬಿಟ್ಟೆ.

"ಎಂತ ಆಯ್ತ್?" ಎಂದಳು ಅಮ್ಮ.

"ಇವತ್ತು ಸೋಮವಾರ."

"ಸೋಮವಾರ ಆರೆ ಎಂತ?"

ಕೊಡೆ ಬಿಚ್ಚಿ ನಡೆದೇ ಹೊರಟೆ. ಅಮ್ಮ ಬಾಗಿಲಲ್ಲಿ ನಿಂತು, ದಾರಿ ತಿರುಗಿ ನಾನು ಮರೆಯಾಗುವವರೆಗೂ ನೋಡುತ್ತಿದ್ದಳು.