ತೊಟ್ಟಿ ಖಾಲಿಯಾದ ಮೇಲೆ

ಕಳೆದ ವಾರ ಪಕ್ಕದ ಮನೆಯ ತಾರಸಿಯಿಂದ ಹಳೆಯ ಸೋಲಾರ್ ಹೀಟರ್ ಇಳಿಸಿದರು. ತುಕ್ಕು ಹಿಡಿದ ಟ್ಯಾಂಕನ್ನು ವಾಲಿಸಿದಾಗ ತಳದಲ್ಲಿದ್ದ ಉಗುರುಬೆಚ್ಚಗಿನ ನೀರು ಅಂಗಳಕ್ಕೆ ಸುರಿದು ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. ಅದರ ಜೊತೆಗೇ ಆ ಮನೆಯ ಸಾರ್ ನೆನಪಾದರು…

ಎಲ್ಲೋ ದೂರದ ಅಣು ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್ ಆಗಿದ್ದು, ನಿವೃತ್ತರಾದ ಮೇಲೆ ಹೆಂಡತಿಯ ಊರಾದ ನಮ್ಮ ಆವತಿಗೆ ಬಂದು ನೆಲೆಸಿದ್ದರು. ಸಂಜೆಯಾದರೆ ನಮ್ಮ ಜಗಲಿಗೆ ಬರುತ್ತಿದ್ದರು. ನನ್ನ ಬಾಯಿಗೆ ಸಿಕ್ಕು ಬಚಾವಾದವರು ಈ ಊರಲ್ಲಿ ಯಾರೂ ಇಲ್ಲ. ನಮ್ಮ ರಾಗಿ ಕಣದಲ್ಲೇ ವಿಮಾನ ಇಳಿಯುತ್ತದೆಂದು ನಂಬಿಸಿ ಸೈಟು ದಲ್ಲಾಳಿಗಳನ್ನು ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಲ್ಲಿಸಿದವನು ನಾನು. ಇನ್ನು ಈ ಸಾರ್ ಯಾವ ಲೆಕ್ಕ ಎಂದುಕೊಂಡಿದ್ದೆ. ಈಗ ಅದನ್ನು ಬರೆಯಲೂ ನಾಚಿಕೆಯಾಗುತ್ತದೆ.

ಕರೆಂಟು ಹೋದ ತಕ್ಷಣ ಕೆಣಕುತ್ತಿದ್ದೆ. “ಈಗ ನಿಮ್ಮ ಅಣು ಒಲೆ ಗತಿ ಏನ್ ಸಾರ್?”

ಪಾಪ, ಪ್ರತಿ ಸಲವೂ ಮೊದಲಿಂದ ಶುರುಮಾಡುತ್ತಿದ್ದರು. “ಒಲೆಯಿಂದ ಸೌದೆ ಎಳೆದ್ರೂ ಕೆಂಡ ಇರುತ್ತಲ್ಲ ಗೌಡ್ರೇ, ರಿಯಾಕ್ಟರ್ ನಿಲ್ಲಿಸಿದ್ರೂ ಒಳಗೆ ಹಂಗೇ ಕಾವಿರುತ್ತೆ. ಅದನ್ನ ತಣಿಸೋ ನೀರಿನ ಪಂಪ್ ಓಡ್ಸೋಕೆ ಕರೆಂಟಿಲ್ಲ ಅಂದ್ಕೊಳ್ಳಿ. ಅದಕ್ಕೇ ಎತ್ತರದಲ್ಲಿ ದೊಡ್ಡ ತೊಟ್ಟಿ ಇಟ್ಟಿರ್ತೀವಿ. ನೀರು ತನ್ನ ಭಾರಕ್ಕೇ ಇಳಿಯುತ್ತೆ.” ಆಮೇಲೆ ತಮ್ಮ ತಾರಸಿಯ ಕಡೆ ಕೈ ತೋರಿಸುತ್ತಿದ್ದರು. “ಆ ಸೋಲಾರ್‌ಗೆ ಪಂಪಿದೆಯಾ? ಬಿಸಿನೀರು ತಾನೇ ಮೇಲೇರುತ್ತೆ, ತಣ್ಣೀರು ತಾನೇ ಇಳಿಯುತ್ತೆ.”

“ತೊಟ್ಟಿ ಖಾಲಿಯಾದ್ರೆ?”

“ಹಾಂ, ಅಲ್ಲೇ ಇರೋದು ನೋಡಿ ವಿಷಯ…”

“ದೇವನಹಳ್ಳಿ ಟ್ಯಾಂಕರ್‌ನವನ ನಂಬರ್ ಐತೆ, ಕೊಡ್ಲಾ ಸಾರ್?”

ಜಗಲಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಸಾರ್ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಿದ್ದರು. “ಆಮೇಲೆ ಹೇಳ್ತೀನಿ ಬಿಡಿ” ಎಂದು ಎದ್ದು ಹೋಗಿ, ಮರುದಿನ ಮತ್ತೆ ಬರುತ್ತಿದ್ದರು… ಕಳೆದ ಮಳೆಗಾಲದಲ್ಲಿ ತೀರಿಕೊಂಡರು.

ಟ್ಯಾಂಕು ಗಾಡಿಗೇರಿದ ಮೇಲೆ ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಕಾಫಿ ಕೊಟ್ಟರು.

“ಮನೇಲಿ ಕೆಲಸದ ಸುದ್ದೀನೇ ಎತ್ತುತಿರ್ಲಿಲ್ಲ ಗೌಡ್ರೇ. ಕೇಳಿದ್ರೆ, ನಿಂಗ್ಯಾಕೆ, ಸರಿಯಾದ ಪ್ರಶ್ನೆ ಕೇಳೋರು ಗೌಡ್ರೊಬ್ಬರೇ ಅನ್ನೋರು. ಮೊನ್ನೆ ಅವರ ಜೊತೆ ಕೆಲಸ ಮಾಡ್ತಿದ್ದೋರು ಬಂದಿದ್ರು. ತೊಟ್ಟಿ ನೀರು ಮುಗಿದ್ಮೇಲೂ ಅಪಾಯ ಆಗ್ದೇ ಇರೋ ಹಂಗೆ ಏನೋ ಮಾಡಿದ್ರಂತೆ, ಅರ್ಧ ಆಯಸ್ಸು ಅದಕ್ಕೇ ಹೋಯ್ತಂತೆ. ಇಷ್ಟು ವರ್ಷ ಜೊತೇಲಿದ್ದು ಅದೇನು ಅಂತ ನಂಗೊತ್ತಿಲ್ಲ. ನೀವಾದ್ರೂ ಹೇಳಿ, ಏನಂತಿದ್ರು?”

ಲೋಟ ಕೆಳಗಿಟ್ಟೆ. ಮೊಬೈಲಿನಲ್ಲಿ ಹುಡುಕಿದರೆ ಉತ್ತರ ಸಿಕ್ಕೀತು. ಆದರೆ ಅವರು ಕೇಳುತ್ತಿದ್ದುದು ಗಂಡನ ಮಾತನ್ನು. ಅದು ನನ್ನ ಹತ್ತಿರ ಇರಬೇಕಿತ್ತು. ಇರಲಿಲ್ಲ. ಹೇಳಬೇಕಾದವರೂ ಇರಲಿಲ್ಲ…

“ನಾನು ಉತ್ತರ ಕೇಳಿಸ್ಕೊಳ್ಳಲೇ ಇಲ್ಲ ಅಕ್ಕಾ. ಮಾತು ಅಲ್ಲಿಗೆ ಬಂದಾಗಲೆಲ್ಲ ನಗಿಸ್ಬಿಡ್ತಿದ್ದೆ.”

ಅವರು ನನ್ನ ಮುಖ ನೋಡಿ ನಕ್ಕರು.

“ನಿಮ್ಮ ತಮಾಷೆ ನಂಗೊತ್ತಿಲ್ವಾ” ಎನ್ನುತ್ತ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. “ಸಾಕು, ಹೇಳಿ.”